ಓಪನ್ ಸೋರ್ಸ್ ಪ್ರಾಜೆಕ್ಟುಗಳ ನೀತಿ ಸಂಹಿತೆ ಜಗಳ: ಪದೇ ಪದೇ ಕೇಳುವ ಪ್ರಶ್ನೆಗಳು

ಓಪನ್ ಸೋರ್ಸ್ ಪ್ರಾಜೆಕ್ಟಿಗೆ ನೀತಿ ಸಂಹಿತೆ ಯಾಕೆ? ಕೋಡ್ ಬರೆದರೆ ಸಾಲದಾ?

ಓಪನ್ ಸೋರ್ಸ್ ಅಂದರೆ ಯಾರು ಬೇಕಾದರೂ ಕೋಡ್ ಓದಿ, ಬಳಸಿ, ತಿದ್ದಬಹುದಾದ ಸಾಫ್ಟ್‌ವೇರ್. ಕೋಡ್ ಒಬ್ಬರೇ ಕೂತು ಬರೆಯಬಹುದು. ಅದನ್ನು ಪ್ರಾಜೆಕ್ಟಿಗೆ ಸೇರಿಸಬೇಕು ಅಂದರೆ ಇನ್ನೊಬ್ಬರ ಜೊತೆ ಮಾತಾಡಲೇಬೇಕು. ನೀವು ಪ್ಯಾಚ್, ಅಂದರೆ ಕೋಡ್‌ಗೆ ಒಂದು ತಿದ್ದುಪಡಿ ಕಳಿಸುತ್ತೀರಿ, ಆ ಭಾಗ ನೋಡಿಕೊಳ್ಳುವ ಮೇಂಟೇನರ್ ಓದಿ ಸರಿಯಿಲ್ಲ ಅನ್ನುತ್ತಾರೆ, ನೀವು ವಾದ ಮಾಡುತ್ತೀರಿ, ತಿದ್ದಿ ಮತ್ತೆ ಕಳಿಸುತ್ತೀರಿ. ಎಲ್ಲವೂ ಜಗತ್ತಿನ ಕಣ್ಣೆದುರೇ ನಡೆಯುತ್ತದೆ, ಹತ್ತು ವರ್ಷ ಕಳೆದರೂ ಹುಡುಕಿದರೆ ಸಿಗುತ್ತದೆ. "ಲಾಕ್ ಬಿಡದೆಯೇ ಫಂಕ್ಷನ್‌ನಿಂದ ಹೊರಗೆ ಬರುತ್ತಿದ್ದೀರಿ, ಸರಿಮಾಡಿ" ಅಂದರೆ ಅದು ರಿವ್ಯೂ. "ನಿನ್ನಂಥವನು ಕಂಪ್ಯೂಟರ್ ಮುಟ್ಟಲೇಬಾರದು" ಅಂದರೆ ಅದು ಬೇರೆ. ಮೊದಲ ಪ್ಯಾಚಿಗೇ ಇಂಥ ಮಾತು ಕೇಳಿಸಿಕೊಂಡವರು ಸಾಮಾನ್ಯವಾಗಿ ಎರಡನೇ ಪ್ಯಾಚ್ ಕಳಿಸುವುದಿಲ್ಲ, ಸದ್ದಿಲ್ಲದೆ ಹೋಗಿಬಿಡುತ್ತಾರೆ.

ಅದಕ್ಕೇ ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಮ್ ಪ್ರಾಜೆಕ್ಟ್ ಶುರುವಾದ 2004ರಲ್ಲೇ ಒಂದು ನೀತಿ ಸಂಹಿತೆ ಇಟ್ಟುಕೊಂಡಿತು. 2014ರಲ್ಲಿ ಕೊರಲೀನ್ ಏಡಾ ಎಮ್ಕಿ ಅವರು ಕಾಂಟ್ರಿಬ್ಯೂಟರ್ ಕವನೆಂಟ್ ಬರೆದರು. ಯಾವ ಪ್ರಾಜೆಕ್ಟ್ ಬೇಕಾದರೂ ಹಾಗೇ ಎತ್ತಿಕೊಂಡು ಬಳಸಬಹುದಾದ ಸಿದ್ಧ ಪಠ್ಯ ಅದು. ಇವತ್ತು ನೀವು ನೋಡುವ ಬಹಳಷ್ಟು ಸಂಹಿತೆಗಳು ಅದರದೇ ಯಾವುದೋ ಒಂದು ಆವೃತ್ತಿ.

ಅದರಲ್ಲಿ ಬರೆದಿರೋದು ಸಾಮಾನ್ಯ ಸಭ್ಯತೆ ಅಷ್ಟೇ. ಅದಕ್ಕೆ ಯಾಕಿಷ್ಟು ಜಗಳ?

ನಮ್ಮ ಬೀದಿಯ ಗಣೇಶೋತ್ಸವ ಕಮಿಟಿ ನೋಡಿ. ಗಣಪತಿ ಕೂರಿಸಬೇಕಾ ಬೇಡವಾ ಅಂತ ಯಾರೂ ಹೊಡೆದಾಡಲ್ಲ. ಚಂದಾ ಲೆಕ್ಕ ಯಾರ ಹತ್ತಿರ, ಅದನ್ನು ಕೇಳುವ ಹಕ್ಕು ಯಾರಿಗೆ ಅನ್ನೋದಕ್ಕೆ ಹೊಡೆದಾಟ. ಇಲ್ಲೂ ಹಾಗೇ. "ಬೈಯಬೇಡಿ, ಕಿರುಕುಳ ಕೊಡಬೇಡಿ" ಅನ್ನುವ ಸಾಲಿಗೆ ಹೆಚ್ಚಿನವರ ತಕರಾರಿಲ್ಲ. ಬೈದರು ಅಂತ ತೀರ್ಮಾನ ಮಾಡೋರು ಯಾರು, ಅವರನ್ನು ಆರಿಸಿದ್ದು ಯಾರು, ಎಲ್ಲಿ ಆಡಿದ ಮಾತು ಲೆಕ್ಕಕ್ಕೆ ಬರುತ್ತದೆ, ತೀರ್ಪು ತಪ್ಪಾದರೆ ಎಲ್ಲಿಗೆ ಹೋಗಬೇಕು? ಕಳೆದ ಹತ್ತು ವರ್ಷದಲ್ಲಿ ನಡೆದ ದೊಡ್ಡ ಜಗಳಗಳಲ್ಲಿ ಬಹುತೇಕ ಎಲ್ಲವೂ ಈ ಪ್ರಶ್ನೆಗಳಿಗೇ ಬಂದು ನಿಲ್ಲುತ್ತವೆ. ಆದರೂ ಜನ ಪಠ್ಯದ ಒಂದೊಂದು ಪದ ಹಿಡಿದು ಜಗ್ಗಾಡುತ್ತಾರೆ, ಕಾರ್ಯವಿಧಾನದ ಬಗ್ಗೆ ಕೇಳುವುದೇ ಇಲ್ಲ. ನನಗೆ ಬೇಜಾರಾಗೋದು ಇದಕ್ಕೇ.

2018ರಲ್ಲಿ ಲಿನಕ್ಸ್ ಕರ್ನಲ್‌ನಲ್ಲಿ ನಿಜಕ್ಕೂ ಏನಾಯ್ತು?

ಸ್ವಲ್ಪ ಹಿಂದಿನಿಂದ ಹೇಳಬೇಕು. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಅದರ ಚರ್ಚೆಯೆಲ್ಲ ಮೇಲಿಂಗ್ ಲಿಸ್ಟ್ ಅನ್ನುವ ಬಹಿರಂಗ ಇಮೇಲ್ ಗುಂಪಿನಲ್ಲಿ ನಡೆಯುತ್ತದೆ. ಕರ್ನಲ್ ಮೇಲಿಂಗ್ ಲಿಸ್ಟ್‌ನಲ್ಲಿ ಲಿನಕ್ಸ್ ಶುರುಮಾಡಿದ ಲೀನಸ್ ಟೊರ್ವಾಲ್ಡ್ಸ್ ಅವರ ಬೈಗುಳ ಹೆಸರುವಾಸಿ. 2013ರಲ್ಲಿ ಸೇಜ್ ಶಾರ್ಪ್ ಅದೇ ಲಿಸ್ಟ್‌ನಲ್ಲಿ ನೇರವಾಗಿ ಎದುರು ನಿಂತು, ಈ ರೀತಿ ಬೈಯೋದು ನಿಲ್ಲಬೇಕು ಅಂದರು. ಶಾರ್ಪ್ ಸಾಮಾನ್ಯರೇನಲ್ಲ, ಯುಎಸ್‌ಬಿ 3.0 ಹೋಸ್ಟ್ ಡ್ರೈವರ್ ನೋಡಿಕೊಳ್ಳುತ್ತಿದ್ದವರು. 2015ರಲ್ಲಿ ಅವರು ಕರ್ನಲ್ ಕೆಲಸವನ್ನೇ ಬಿಟ್ಟರು, ಯಾಕೆ ಅಂತ ಬಹಿರಂಗವಾಗಿ ಬರೆದರು. ಅದೇ ವರ್ಷದ ಮಾರ್ಚ್‌ನಲ್ಲಿ ಕರ್ನಲ್‌ಗೆ 'ಕೋಡ್ ಆಫ್ ಕಾನ್‌ಫ್ಲಿಕ್ಟ್' ಅಂತ ಒಂದು ಚಿಕ್ಕ ಕಡತ ಸೇರಿತ್ತು. ನಿಮ್ಮ ಕೋಡ್‌ಗೆ ಕಟುವಾದ ಟೀಕೆ ಬರುತ್ತದೆ, ತಡೆದುಕೊಳ್ಳಿ, ತೀರಾ ವೈಯಕ್ತಿಕವಾದರೆ ಟೆಕ್ನಿಕಲ್ ಅಡ್ವೈಸರಿ ಬೋರ್ಡ್‌ಗೆ ತಿಳಿಸಿ ಅನ್ನುವುದು ಅದರ ಸಾರ. ತಿಳಿಸಿದ ಮೇಲೆ ಏನಾಗುತ್ತದೆ ಅನ್ನೋದು ಅದರಲ್ಲಿ ಸ್ಪಷ್ಟವಾಗಿರಲಿಲ್ಲ.

2018ರ ಸೆಪ್ಟೆಂಬರ್ 16. ಲೀನಸ್ ಕರ್ನಲ್‌ನ 4.19-ಆರ್‌ಸಿ4 ಅನ್ನುವ ಪರೀಕ್ಷಾ ಆವೃತ್ತಿ ಬಿಡುಗಡೆ ಮಾಡುತ್ತಾ ಬರೆದ ಪತ್ರದಲ್ಲೇ ಕ್ಷಮೆ ಕೇಳಿದರು. ತನ್ನ ನಡವಳಿಕೆ ಜನರನ್ನು ನೋಯಿಸಿದೆ, ಜನರ ಭಾವನೆ ಅರ್ಥ ಮಾಡಿಕೊಳ್ಳಲು ನೆರವು ಬೇಕು, ಸ್ವಲ್ಪ ದಿನ ದೂರ ಇರುತ್ತೇನೆ ಅಂದರು. ಅದೇ ಹೊತ್ತಿಗೆ ಹಳೆಯ ಕಡತ ಹೋಗಿ, ಕಾಂಟ್ರಿಬ್ಯೂಟರ್ ಕವನೆಂಟ್ 1.4 ಆಧರಿಸಿದ ಹೊಸ ಸಂಹಿತೆ ಬಂತು. 4.19ರ ಉಳಿದ ಕೆಲಸವನ್ನು ಇನ್ನೊಬ್ಬ ಹಿರಿಯ ಮೇಂಟೇನರ್ ಗ್ರೆಗ್ ಕ್ರೋಆ-ಹಾರ್ಟ್‌ಮನ್ ನೋಡಿಕೊಂಡರು. ಅಕ್ಟೋಬರ್ ಕೊನೆಗೆ ಲೀನಸ್ ವಾಪಸ್ ಬಂದರು.

ಗಲಾಟೆ ಎದ್ದಿದ್ದಕ್ಕೆ ಒಂದು ನ್ಯಾಯವಾದ ಕಾರಣ ಇತ್ತು. ಕರ್ನಲ್‌ನಲ್ಲಿ ಒಂದು ಸಣ್ಣ ಡ್ರೈವರ್ ಸೇರಿಸಬೇಕಾದರೂ ಪ್ಯಾಚನ್ನು ಲಿಸ್ಟ್‌ಗೆ ಹಾಕಿ, ಮೂರು ನಾಲ್ಕು ಸಲ ಬೈಸಿಕೊಂಡು ತಿದ್ದಬೇಕು. ಎಲ್ಲರಿಗೂ ಅನ್ವಯಿಸುವ ಈ ಕಡತ ಮಾತ್ರ ಬಹಿರಂಗ ಚರ್ಚೆಯೇ ಇಲ್ಲದೆ ಒಂದು ಭಾನುವಾರ ಒಳಗೆ ಬಂದಿತ್ತು. ಬೇರೆ ಕಡೆಯಿಂದ ಎತ್ತಿ ತಂದ ಪಠ್ಯ ಅನ್ನೋದೂ ಎದ್ದು ಕಾಣುತ್ತಿತ್ತು. ಉದಾಹರಣೆಗೆ, ಅನುಮತಿ ಇಲ್ಲದೆ ಇನ್ನೊಬ್ಬರ ಇಮೇಲ್ ವಿಳಾಸ ಪ್ರಕಟಿಸಬಾರದು ಅಂತ ಅದರಲ್ಲಿತ್ತು. ಕರ್ನಲ್‌ನ ಪ್ರತಿ ಪ್ಯಾಚಿನ ಕೆಳಗೂ ಬರೆದವರ ಹೆಸರು, ಇಮೇಲ್ ಇರಲೇಬೇಕು! ಕರ್ನಲ್ ಡೆವಲಪರ್ ಜೇಮ್ಸ್ ಬಾಟಮ್ಲಿ ಇದನ್ನು ಎತ್ತಿ ತೋರಿಸಿ ಪ್ಯಾಚ್ ಕಳಿಸಿದರು, ಸರಿಯಾಯ್ತು. ಅಕ್ಟೋಬರ್‌ನಲ್ಲಿ ಸಂಹಿತೆಯನ್ನು ಹೇಗೆ ಓದಬೇಕು ಅಂತ ವಿವರಣೆಯ ಕಡತವೂ ಸೇರಿತು. ದಿಲ್ಲಿಯಲ್ಲಿ ಎಸ್‌ಎಫ್‌ಎಲ್‌ಸಿ.ಇನ್ ಅನ್ನುವ ಕಾನೂನು ಸಂಸ್ಥೆ ಕಟ್ಟಿದ ವಕೀಲೆ ಮಿಶಿ ಚೌಧರಿ ಅವರನ್ನು ಸಂಧಾನಕ್ಕೆ ಹೆಸರಿಸಿದರು. ಇದನ್ನೆಲ್ಲ ಮೊದಲೇ ಮಾಡಿದ್ದರೆ ಅರ್ಧ ಗಲಾಟೆ ಆಗುತ್ತಲೇ ಇರಲಿಲ್ಲ.

ಡೆವಲಪರ್‌ಗಳು ತಮ್ಮ ಕೋಡನ್ನೇ ವಾಪಸ್ ತೆಗೆದುಕೊಳ್ಳುತ್ತಾರೆ ಅಂತ ಸುದ್ದಿ ಇತ್ತಲ್ವಾ?

ಇತ್ತು. ತಮ್ಮ ಕೋಡ್ ಬಳಸಲು ಕೊಟ್ಟ ಅನುಮತಿಯನ್ನು, ಅಂದರೆ ಜಿಪಿಎಲ್ ಲೈಸೆನ್ಸನ್ನು ರದ್ದು ಮಾಡಿ ಕರ್ನಲ್‌ನಿಂದ ಕೋಡ್ ತೆಗೆಸುತ್ತಾರೆ ಅಂತ ಹಬ್ಬಿತು. ಅಂಥದ್ದೇನೂ ನಡೆಯಲಿಲ್ಲ.

ಆ ಸಂಹಿತೆ ಯಾವತ್ತಾದರೂ ಜಾರಿಯಾಗಿದೆಯಾ, ಅಥವಾ ಸುಮ್ನೆ ಕಾಗದವಾ?

ಜಾರಿಯಾಗಿದೆ. 2024ರಲ್ಲಿ ಬಿಕ್ಯಾಷ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ) ಬರೆದ ಕೆಂಟ್ ಓವರ್‌ಸ್ಟ್ರೀಟ್ ಲಿಸ್ಟ್‌ನಲ್ಲಿ ಇನ್ನೊಬ್ಬ ಡೆವಲಪರ್‌ಗೆ ತಲೆ ಪರೀಕ್ಷೆ ಮಾಡಿಸಿಕೋ ಅನ್ನುವ ಧಾಟಿಯಲ್ಲಿ ಕೆಟ್ಟದಾಗಿ ಬೈದರು. ನೀತಿ ಸಂಹಿತೆ ಕಮಿಟಿ ಬಹಿರಂಗವಾಗಿ ಕ್ಷಮೆ ಕೇಳಿ ಅಂದಿತು. ಅವರು ಕೇಳಲಿಲ್ಲ. ಕರ್ನಲ್‌ನ 6.13 ಆವೃತ್ತಿ ತಯಾರಾಗುವ ಅವಧಿಯಲ್ಲಿ ಅವರ ಪುಲ್ ರಿಕ್ವೆಸ್ಟ್, ಅಂದರೆ ಕೋಡ್ ಸೇರಿಸಿಕೊಳ್ಳಿ ಅನ್ನುವ ಕೋರಿಕೆ, ತೆಗೆದುಕೊಳ್ಳಬಾರದು ಅಂತ ನವೆಂಬರ್‌ನಲ್ಲಿ ತೀರ್ಮಾನವಾಯಿತು. 2025ರಲ್ಲಿ ಬಿಕ್ಯಾಷ್‌ಎಫ್‌ಎಸ್ ಕರ್ನಲ್‌ನಿಂದಲೇ ಹೊರಬಿತ್ತು, ಆದರೆ ಅದು ಬಿಡುಗಡೆ ನಿಯಮಗಳ ಬಗೆಗಿನ ಬೇರೆ ಜಗಳ. ಎರಡನ್ನೂ ಒಂದೇ ಅನ್ನೋರು ಜಾಸ್ತಿ, ಅದಕ್ಕೇ ಹೇಳಿದೆ.

ಈ ಪ್ರಕರಣದಲ್ಲಿ ನನಗೆ ಸರಿ ಅನ್ನಿಸಿದ್ದು: ಮಾತು ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಮೊದಲು ಸರಿಪಡಿಸಲು ಅವಕಾಶ ಕೊಟ್ಟರು, ಶಿಕ್ಷೆಗೆ ಒಂದು ಕೊನೆ ಇತ್ತು. ಸರಿಯಿಲ್ಲ ಅನ್ನಿಸಿದ್ದೂ ಇದೆ. ಒಬ್ಬರ ಪುಲ್ ರಿಕ್ವೆಸ್ಟ್ ನಿಲ್ಲಿಸಿದರೆ ಆ ಫೈಲ್ ಸಿಸ್ಟಮ್ ಬಳಸುವವರಿಗೂ ಬಗ್ ಫಿಕ್ಸ್ ನಿಲ್ಲುತ್ತದೆ. ಜಗಳ ಆಡದವರು ಯಾಕೆ ಅನುಭವಿಸಬೇಕು?

ಇದೆಲ್ಲ ಎಡಪಂಥೀಯರ ಅಜೆಂಡಾ ಅಂತಾರಲ್ಲ, ನಿಜವಾ?

ಪೂರ್ತಿ ಸುಳ್ಳು ಅನ್ನೋಕಾಗಲ್ಲ, ನಿಜ ಅನ್ನೋಕೂ ಆಗಲ್ಲ. ಎಮ್ಕಿ ಅವರು ತಮ್ಮ ರಾಜಕೀಯವನ್ನು ಯಾವತ್ತೂ ಮುಚ್ಚಿಟ್ಟಿಲ್ಲ. ಪ್ರತಿಭೆಯೊಂದೇ ಅಳತೆ ಅನ್ನುವ ವಾದವನ್ನೇ ಪ್ರಶ್ನಿಸಿ 2018ರಲ್ಲಿ ಒಂದು ಪ್ರಣಾಳಿಕೆ ಬರೆದರು. 2019ರಲ್ಲಿ ಮಾನವ ಹಕ್ಕು ಮುರಿಯುವವರು ಬಳಸಬಾರದು ಅನ್ನುವ ಲೈಸೆನ್ಸ್ ತಂದರು. ಹಾಗಾಗಿ ಅಮೆರಿಕದ ಬಲಪಂಥೀಯರಿಗೆ ಕವನೆಂಟ್ ಅಂದರೆ ಮೊದಲಿನಿಂದಲೂ ಅನುಮಾನ.

ಆದರೆ ಸಂಹಿತೆ ಬರೀ ಒಂದು ಕಡೆಯವರಿಗೇ ಬಡಿಯುತ್ತದೆ ಅನ್ನೋರು ಲರ್ನಾ ಕಥೆ ನೋಡಲಿ. ಲರ್ನಾ ಅನ್ನೋದು ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ನಿಭಾಯಿಸುವ ಟೂಲ್. 2018ರ ಆಗಸ್ಟ್‌ನಲ್ಲಿ ಅಮೆರಿಕದ ವಲಸೆ ಪೊಲೀಸ್ ಸಂಸ್ಥೆ 'ಐಸ್' ಜೊತೆ ಕೆಲಸ ಮಾಡುವ ಕಂಪನಿಗಳು ಇದನ್ನು ಬಳಸಬಾರದು ಅಂತ ಒಬ್ಬ ಡೆವಲಪರ್ ಲೈಸೆನ್ಸ್ ತಿದ್ದಿದರು. ಪಟ್ಟಿಯಲ್ಲಿ ಮೈಕ್ರೋಸಾಫ್ಟ್, ಪ್ಯಾಲಂಟೀರ್, ಅಮೆಜಾನ್ ಇದ್ದವು. ಕೂಡಲೇ ಬದಲಾವಣೆ ರದ್ದಾಯಿತು. ತಿದ್ದಿದವರನ್ನು ನೀತಿ ಸಂಹಿತೆ ಮುರಿದರು ಅಂತಲೇ ಪ್ರಾಜೆಕ್ಟಿನಿಂದ ತೆಗೆದರು. ಅವರು ಎಡಪಂಥದ ಹೋರಾಟದವರು!

ಪ್ರಾಜೆಕ್ಟ್ ಹೊರಗೆ ಆಡಿದ ಮಾತಿಗೆ ಪ್ರಾಜೆಕ್ಟ್ ಒಳಗೆ ಶಿಕ್ಷೆ ಕೊಡಬಹುದಾ?

ಅತ್ಯಂತ ಕಷ್ಟದ ಪ್ರಶ್ನೆ ಇದೇ. 2015ರಲ್ಲಿ ಓಪಲ್ ಅನ್ನುವ, ರೂಬಿ ಪ್ರೋಗ್ರಾಮಿಂಗ್ ಭಾಷೆಗೆ ಸಂಬಂಧಿಸಿದ ಪ್ರಾಜೆಕ್ಟಿನಲ್ಲಿ, ಒಬ್ಬ ಕಾಂಟ್ರಿಬ್ಯೂಟರ್ ತನ್ನ ಸ್ವಂತ ಟ್ವಿಟರ್‌ನಲ್ಲಿ ಟ್ರಾನ್ಸ್ ಜನರ ಬಗ್ಗೆ ಬರೆದಿದ್ದನ್ನು ಹಿಡಿದು ಅವರನ್ನು ತೆಗೆಯಿರಿ ಅಂತ ಬೇಡಿಕೆ ಬಂತು. ಪ್ರಾಜೆಕ್ಟಿನವರು ಒಪ್ಪಲಿಲ್ಲ. 2024ರಲ್ಲಿ ಹೈಪರ್‌ಲ್ಯಾಂಡ್‌ನ ಮುಖ್ಯ ಡೆವಲಪರನ್ನು ಫ್ರೀಡೆಸ್ಕ್‌ಟಾಪ್ ಬ್ಯಾನ್ ಮಾಡಿತು. ಹೈಪರ್‌ಲ್ಯಾಂಡ್ ಲಿನಕ್ಸ್ ಪರದೆಯ ಕಿಟಕಿಗಳನ್ನು ನಿಭಾಯಿಸುವ ಸಾಫ್ಟ್‌ವೇರ್, ಫ್ರೀಡೆಸ್ಕ್‌ಟಾಪ್ ಅಂಥ ಹಲವು ಪ್ರಾಜೆಕ್ಟುಗಳಿಗೆ ಜಾಗ ಕೊಡುವ ಬೇರೆಯೇ ಸಂಸ್ಥೆ. ತಪ್ಪು ನಡೆದದ್ದು ಫ್ರೀಡೆಸ್ಕ್‌ಟಾಪ್‌ನಲ್ಲಿ ಅಲ್ಲ, ಹೈಪರ್‌ಲ್ಯಾಂಡ್‌ನ ಡಿಸ್ಕಾರ್ಡ್‌ನಲ್ಲಿ.

ಒಂದು ಕಡೆ ಯೋಚಿಸಿ. ನನ್ನ ಜಾತಿ, ಧರ್ಮ, ಲಿಂಗದ ಬಗ್ಗೆ ಹೊರಗೆ ವಿಷ ಕಾರುವವರೇ ಇಲ್ಲಿ ನನ್ನ ಪ್ಯಾಚ್ ರಿವ್ಯೂ ಮಾಡುವವರಾದರೆ ನಾನು ನಂಬೋದು ಹೇಗೆ? ಇನ್ನೊಂದು ಕಡೆ, ಜಗತ್ತಿನ ಯಾವ ಮೂಲೆಯಲ್ಲಿ ಆಡಿದ ಮಾತಿಗೂ ಇಲ್ಲಿ ವಿಚಾರಣೆ ಅಂತಾದರೆ ಕಮಿಟಿ ಪೊಲೀಸ್ ಠಾಣೆಯಾಗುತ್ತದೆ. ಅವರವರ ದೇಶದ ಚುನಾವಣೆ, ಯುದ್ಧ, ಮೀಸಲಾತಿ ಎಲ್ಲವೂ ಅಲ್ಲಿಗೆ ಬಂದು ಬೀಳುತ್ತವೆ. ನನ್ನ ನಿಲುವು ಹೀಗೆ: ಪ್ರಾಜೆಕ್ಟಿನಲ್ಲಿರುವ ಒಬ್ಬರನ್ನು ಗುರಿ ಮಾಡಿ ಹೊರಗಿನಿಂದ ಕಿರುಕುಳ ಕೊಟ್ಟರೆ ಅದು ಒಳಗಿನ ವಿಷಯವೇ. ಅಧಿಕಾರದಲ್ಲಿರುವವರು, ಅಂದರೆ ಮೇಂಟೇನರ್, ಬೋರ್ಡ್ ಸದಸ್ಯರು, ಪ್ರಾಜೆಕ್ಟಿನ ಹೆಸರು ಹೇಳಿಕೊಂಡು ಆಡಿದ ಮಾತೂ ಒಳಗಿನದೇ. ಉಳಿದದ್ದನ್ನು ಬಿಡಬೇಕು, ಮಾತು ಎಷ್ಟೇ ಕಹಿಯಾಗಿದ್ದರೂ.

ಪೈಥಾನ್‌ನ ಟಿಮ್ ಪೀಟರ್ಸ್ ಅವರನ್ನು ಯಾಕೆ ಅಮಾನತು ಮಾಡಿದರು?

ಟಿಮ್ ಪೀಟರ್ಸ್ ಅಂದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ತತ್ವಗಳ ಪಟ್ಟಿ 'ಜೆನ್ ಆಫ್ ಪೈಥಾನ್' ಬರೆದವರು. ಪಟ್ಟಿಯನ್ನು ಕ್ರಮವಾಗಿ ಜೋಡಿಸಲು ಪೈಥಾನ್‌ನಲ್ಲಿ ಸಾರ್ಟ್ ಅಂತ ಬರೆದಾಗ ನಡೆಯುವ ಟಿಮ್‌ಸಾರ್ಟ್ ಅವರದೇ, ಜಾವಾದಲ್ಲೂ ಅದೇ ಇದೆ. 2024ರ ಆಗಸ್ಟ್‌ನಲ್ಲಿ ಅವರನ್ನು ಮೂರು ತಿಂಗಳು ಹೊರಗಿಟ್ಟರು. ಪ್ರಕಟಣೆಯಲ್ಲಿ ಹೆಸರಿರಲಿಲ್ಲ, ಅದು ನಾನೇ ಅಂತ ಅವರೇ ಹೇಳಿದರು.

ಹಿನ್ನೆಲೆ ಮುಖ್ಯ. ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ತನ್ನ ಬೈಲಾ ತಿದ್ದಲು ಹೊರಟಿತ್ತು. ನೀತಿ ಸಂಹಿತೆ ಮುರಿದರೆ 'ಫೆಲೋ' ಗೌರವ ಪಡೆದವರನ್ನೂ ಬೋರ್ಡ್ ತನ್ನ ಬಹುಮತದಿಂದಲೇ ತೆಗೆಯಬಹುದು ಅನ್ನೋದು ಒಂದು ತಿದ್ದುಪಡಿ. ಟಿಮ್ ಇದನ್ನು ವಿರೋಧಿಸಿ ಬರೆದರು, ಬಹಳ ಬರೆದರು. ಅಮಾನತಿಗೆ ಕೊಟ್ಟ ಕಾರಣಗಳ ಪಟ್ಟಿಯ ಒಂದು ಅಂಶವೇ ಅದು: ಆ ಚರ್ಚೆಯ 177 ಪೋಸ್ಟ್‌ಗಳಲ್ಲಿ 47 ಇವರವು. ಅದೇ ಪಟ್ಟಿಯಲ್ಲಿ ಲೈಂಗಿಕ ಕಿರುಕುಳದಂಥ ವಿಷಯವನ್ನು ಹಗುರವಾಗಿ ತೆಗೆದುಕೊಂಡರು, ನಿಂದನೆಯ ಪದ ಬಳಸಿದರು ಅನ್ನುವ ಗಂಭೀರ ಆರೋಪಗಳೂ ಇದ್ದವು. ಆದರೆ ಯಾವ ಮಾತು, ಎಲ್ಲಿ ಆಡಿದ್ದು ಅನ್ನೋದಕ್ಕೆ ಲಿಂಕ್ ಇರಲಿಲ್ಲ.

ನಾನು ಸಂಹಿತೆಯ ಪರ. ಆದರೂ ಈ ಪಟ್ಟಿ ಓದಿ ನನಗೆ ತುಂಬ ಬೇಸರವಾಯಿತು. ಜಾಸ್ತಿ ಬರೆದರು ಅನ್ನೋದಕ್ಕೂ ನಿಂದಿಸಿದರು ಅನ್ನೋದಕ್ಕೂ ಒಂದೇ ಸಾಲಿನಲ್ಲಿ ಜಾಗ ಹೇಗೆ ಕೊಡುತ್ತೀರಿ? ಮೊದಲನೆಯದಕ್ಕೆ "ದಿನಕ್ಕೆ ಒಂದೇ ಪೋಸ್ಟ್ ಹಾಕಿ" ಅಂದರೆ ಸಾಕಿತ್ತು. ಎರಡನೆಯದಾದರೆ ಆ ಮಾತನ್ನೇ ತೋರಿಸಬೇಕಿತ್ತು. ಅಧಿಕಾರ ಹೆಚ್ಚಿಸಬೇಡಿ ಅಂತ ವಾದಿಸಿದವರಿಗೆ ಆ ವಾದದ ಉದ್ದವೇ ಅಪರಾಧದ ಪಟ್ಟಿಗೆ ಸೇರಿದಾಗ, ನಿಜವಾಗಿ ನೊಂದವರ ದೂರು ಕೂಡ ಜನರ ಕಣ್ಣಲ್ಲಿ ಹಗುರವಾಗುತ್ತದೆ. ಇದರಿಂದ ನಷ್ಟ ಆಗೋದು ಸಂಹಿತೆಯನ್ನು ನಂಬಿಕೊಂಡವರಿಗೇ.

ಕಮಿಟಿಯನ್ನು ಕೇಳೋರು ಯಾರು?

ಬಹಳ ಕಡೆ ಯಾರೂ ಇಲ್ಲ. ಮೇಲಿನವರ ಮೇಲೆ ದೂರು ಬಂದಾಗ ಇದು ಬಯಲಾಗುತ್ತದೆ. 2021ರ ನವೆಂಬರ್‌ನಲ್ಲಿ ರಸ್ಟ್ ಪ್ರೋಗ್ರಾಮಿಂಗ್ ಭಾಷೆಯ ಮಾಡರೇಶನ್ ತಂಡ, ಅಂದರೆ ಸಂಹಿತೆ ಜಾರಿ ಮಾಡುವವರು, ಒಟ್ಟಿಗೇ ರಾಜೀನಾಮೆ ಕೊಟ್ಟರು. ಪ್ರಾಜೆಕ್ಟ್ ನಡೆಸುವ ಕೋರ್ ತಂಡ ತನ್ನನ್ನು ಬಿಟ್ಟು ಬೇರೆ ಯಾರಿಗೂ ಉತ್ತರ ಕೊಡಬೇಕಿಲ್ಲ, ಹಾಗಿದ್ದ ಮೇಲೆ ಅವರ ಮೇಲೆ ಸಂಹಿತೆ ಜಾರಿ ಮಾಡೋಕೆ ನಮ್ಮಿಂದ ಸಾಧ್ಯವಿಲ್ಲ ಅನ್ನೋದು ಅವರ ಮಾತು. ಕೊನೆಗೆ 2023ರಲ್ಲಿ ಕೋರ್ ತಂಡದ ಜಾಗಕ್ಕೆ ಲೀಡರ್‌ಶಿಪ್ ಕೌನ್ಸಿಲ್ ಬಂತು. ನಿಕ್ಸ್‌ಓಎಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ ಪ್ರಾಜೆಕ್ಟಿನಲ್ಲಿ ಆಂಡ್ಯುರಿಲ್ ಅನ್ನುವ ಶಸ್ತ್ರಾಸ್ತ್ರ ಕಂಪನಿಯ ಪ್ರಾಯೋಜಕತ್ವದಿಂದ ಕಾವೇರಿದ ಜಗಳ ಆಡಳಿತ, ಮಾಡರೇಶನ್ ಎಲ್ಲಕ್ಕೂ ಹಬ್ಬಿತು. 2024ರಲ್ಲಿ ಸ್ಥಾಪಕ ಈಲ್ಕೊ ಡೋಲ್‌ಸ್ಟ್ರಾ ಬೋರ್ಡ್‌ನಿಂದ ಕೆಳಗಿಳಿದರು. ಎರಡೂ ಕಡೆ ಜಗಳ ಎದ್ದದ್ದು ಪಠ್ಯಕ್ಕಲ್ಲ.

ಸಂಹಿತೆಯೇ ಬೇಡ ಅಂದವರು ಏನು ಮಾಡಿದರು?

ರೂಬಿ ಭಾಷೆ ರೂಪಿಸಿದ ಮಾಟ್ಸ್ 2016ರಲ್ಲಿ ದೊಡ್ಡ ಸಂಹಿತೆ ಬಿಟ್ಟು ನಾಲ್ಕೇ ಅಂಶಗಳ ಮಾರ್ಗಸೂಚಿ ಇಟ್ಟರು. ವಿರುದ್ಧ ಅಭಿಪ್ರಾಯ ಸಹಿಸಿ, ವೈಯಕ್ತಿಕ ದಾಳಿ ಬೇಡ, ಒಳ್ಳೆಯ ಉದ್ದೇಶದಿಂದಲೇ ಹೇಳಿದ್ದಾರೆ ಅಂದುಕೊಳ್ಳಿ, ಕಿರುಕುಳ ಸಹಿಸಲ್ಲ. ಓದೋಕೆ ಚೆನ್ನಾಗಿದೆ, ಆದರೆ ಕಿರುಕುಳ ಆದಾಗ ಯಾರಿಗೆ ಹೇಳಬೇಕು? ರಿಚರ್ಡ್ ಸ್ಟಾಲ್‌ಮನ್ 2018ರ ಅಕ್ಟೋಬರ್‌ನಲ್ಲಿ, ತಾವೇ ಶುರುಮಾಡಿದ ಸ್ವತಂತ್ರ ಸಾಫ್ಟ್‌ವೇರ್ ಪ್ರಾಜೆಕ್ಟ್ ಗ್ನೂಗೆ 'ಸೌಜನ್ಯದ ಮಾತುಕತೆ'ಯ ಸೂಚನೆಗಳನ್ನು ಬರೆದರು, ಶಿಕ್ಷೆಯೇ ಇಲ್ಲ ಅಂತ ಹೇಳಿಯೇ ಬರೆದರು.

ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್‌ನದು ಇನ್ನೂ ಬೇರೆ ಥರ. ಸಾಫ್ಟ್‌ವೇರ್ ಕೊಳ್ಳುವ ಕಂಪನಿಗಳ ಫಾರ್ಮ್‌ನಲ್ಲಿ ನಿಮ್ಮ ನೀತಿ ಸಂಹಿತೆ ಯಾವುದು ಅಂತ ಕೇಳುತ್ತಿದ್ದರಂತೆ. ಅದನ್ನು ಬರೆದ ರಿಚರ್ಡ್ ಹಿಪ್ ಅವರು ಕ್ರೈಸ್ತ ಸನ್ಯಾಸಿಗಳಿಗೆ ಸಂತ ಬೆನೆಡಿಕ್ಟ್ ಬರೆದ ನಿಯಮಗಳನ್ನೇ ಹಾಕಿಬಿಟ್ಟರು. ದೇವರನ್ನು ಪೂರ್ಣ ಮನಸ್ಸಿನಿಂದ ಪ್ರೀತಿಸು ಅನ್ನೋದರಿಂದ ಶುರುವಾಗಿ ಹೆಚ್ಚು ತಿನ್ನಬೇಡ, ಸೋಮಾರಿಯಾಗಬೇಡ, ಗೊಣಗಬೇಡ ಅಂತ 72 ನಿಯಮಗಳು. 2018ರಲ್ಲಿ ಜನ ಅದನ್ನು ನೋಡಿ ಗಲಾಟೆ ಎಬ್ಬಿಸಿದ ಮೇಲೆ ಅದರ ಹೆಸರು 'ಕೋಡ್ ಆಫ್ ಎಥಿಕ್ಸ್' ಆಯಿತು, ಸಂಹಿತೆಯ ಜಾಗಕ್ಕೆ ಮೊಜಿಲ್ಲಾದ್ದು ಬಂತು. ಹಿಪ್ ಅವರು ಮನಸಾರೆ ನಂಬಿದ್ದನ್ನೇ ಬರೆದಿದ್ದರು, ಅದು ನನಗೆ ಗೌರವದ ವಿಷಯ. ಮೂರು ನಾಲ್ಕು ಜನರೇ ಬರೆಯುವ, ಹೊರಗಿನವರ ಕೋಡ್ ಸಾಮಾನ್ಯವಾಗಿ ತೆಗೆದುಕೊಳ್ಳದ ಪ್ರಾಜೆಕ್ಟಿಗೆ ಅದು ನಡೆಯುತ್ತಿತ್ತು. ಎಲ್ಲ ಧರ್ಮದವರೂ ಸೇರುವ ಕಡೆ ನಡೆಯಲ್ಲ.

ಒಳ್ಳೆಯ ಪ್ರೋಗ್ರಾಮರ್‌ಗಳು ಸಂಹಿತೆಯಿಂದಾಗಿ ಬಿಟ್ಟು ಹೋಗುತ್ತಾರಾ?

ಕೆಲವರು ಹೋಗಿದ್ದಾರೆ. 2018ರ ಮೇನಲ್ಲಿ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಎಲ್‌ಎಲ್‌ವಿಎಂ ಪ್ರಾಜೆಕ್ಟಿನಲ್ಲಿ ಬಹಳ ಕೆಲಸ ಮಾಡಿದ ಡೆವಲಪರ್ ಒಬ್ಬರು ಸಂಹಿತೆಯನ್ನೂ ಕಾರಣಗಳಲ್ಲಿ ಹೆಸರಿಸಿ ಹೊರನಡೆದರು. ಸಂಹಿತೆ ಇಲ್ಲದ್ದಕ್ಕೆ ಹೋದವರೂ ಇದ್ದಾರೆ, ಶಾರ್ಪ್ ವಿಷಯ ಮೇಲೆ ಹೇಳಿದೆ. ಮೊದಲ ಗುಂಪಿನವರ ಪತ್ರ ಎಲ್ಲರೂ ಓದುತ್ತಾರೆ. ಎರಡನೇ ಗುಂಪಿನ ಬಹುಪಾಲು ಜನ ಪತ್ರ ಬರೆಯೋದೇ ಇಲ್ಲ.

ಜಾತಿಯ ವಿಷಯ ಇದರಲ್ಲಿ ಬರುತ್ತದಾ?

ಬರುತ್ತದೆ, ಬರಲೇಬೇಕು. ಕಾಂಟ್ರಿಬ್ಯೂಟರ್ ಕವನೆಂಟ್ 1.4ರಲ್ಲಿ ಜನಾಂಗ, ಧರ್ಮ, ರಾಷ್ಟ್ರೀಯತೆ ಎಲ್ಲ ಇತ್ತು, ಜಾತಿ ಇರಲಿಲ್ಲ. 2021ರ 2.1ರಲ್ಲಿ ಜಾತಿ ಸೇರಿತು. ಲಿನಕ್ಸ್ ಕರ್ನಲ್ 1.4 ಆಧರಿಸಿದ್ದರಿಂದ ಅದರಲ್ಲಿ ಆ ಪದ ಇಲ್ಲ. 2020ರಲ್ಲಿ ಒಬ್ಬ ದಲಿತ ಎಂಜಿನಿಯರ್‌ಗೆ ತಾರತಮ್ಯವಾಗಿದೆ ಅಂತ ಕ್ಯಾಲಿಫೋರ್ನಿಯಾ ಸರ್ಕಾರ ಸಿಸ್ಕೊ ಮೇಲೆ ಕೇಸು ಹಾಕಿದಾಗಲೇ ಹೊರಗಿನವರು ಈ ಕಡೆ ಗಮನ ಕೊಟ್ಟಿದ್ದು. ನಮಗೆ ಇದೇನು ಹೊಸದಾ? ಮನೆ ಎಲ್ಲಿ, ಸರ್‌ನೇಮ್ ಏನು, ನಾನ್‌ವೆಜ್ ತಿಂತೀರಾ ಅಂತ ಮೂರು ಪ್ರಶ್ನೆಯಲ್ಲಿ ಜಾತಿ ಪತ್ತೆ ಮಾಡೋದು ಬೆಂಗಳೂರಿನ ಮೀಟಪ್‌ಗಳಲ್ಲೂ ನಡೆಯುತ್ತದೆ. ಮೀಸಲಾತಿ ಕೋಟಾ ಬಗ್ಗೆ ಜೋಕ್ ಹೊಡೆದು ನಕ್ಕಾಗ ಆ ಕೋಣೆಯಲ್ಲಿ ನಗದೆ ಕೂತವರು ಯಾರು ಅಂತ ಆಯೋಜಕರು ನೋಡಬೇಕು. ಸಂಹಿತೆ ಎತ್ತಿಕೊಳ್ಳುವಾಗ 2.1 ಅಥವಾ ಅದರ ನಂತರದ್ದನ್ನೇ ತೆಗೆದುಕೊಂಡು, ಜಾತಿ ಅನ್ನುವ ಪದ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಸೇರಿಸಿ.

ನಾನು ಬರೀ ಕನ್ನಡಕ್ಕೆ ಅನುವಾದ ಮಾಡೋನು. ನನಗೂ ಅನ್ವಯಿಸುತ್ತದಾ?

ಹೌದು. ಫೈರ್‌ಫಾಕ್ಸ್ ಕನ್ನಡೀಕರಣಕ್ಕೆ ಮೊಜಿಲ್ಲಾದ ಮಾರ್ಗಸೂಚಿ, ಕನ್ನಡ ವಿಕಿಪೀಡಿಯಕ್ಕೆ ವಿಕಿಮೀಡಿಯದ ಸಾರ್ವತ್ರಿಕ ನೀತಿ ಸಂಹಿತೆ. ಯಾವ ಕನ್ನಡ ಪದ ಸರಿ ಅನ್ನುವ ಜಗಳ ಎಷ್ಟು ಬೇಗ ವೈಯಕ್ತಿಕವಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ ಅಲ್ವಾ?

ನನಗೆ ಕಿರುಕುಳ ಆದರೆ ಏನು ಮಾಡಲಿ?

ಮೊದಲು ಲಿಂಕ್, ಸ್ಕ್ರೀನ್‌ಶಾಟ್, ದಿನಾಂಕ ಉಳಿಸಿಕೊಳ್ಳಿ. ಅಳಿಸಿಹೋದ ಮೇಲೆ ಸಿಗಲ್ಲ. ದೂರಿನಲ್ಲಿ ಏನಾಯ್ತು ಅನ್ನೋದನ್ನು ಮಾತ್ರ ಬರೆಯಿರಿ, ಅವರ ಸ್ವಭಾವದ ಬಗ್ಗೆ ಬೇಡ. ಕಮಿಟಿಯಲ್ಲಿ ಯಾರಿದ್ದಾರೆ ನೋಡಿ, ಆರೋಪಿಯ ಗೆಳೆಯರೋ ಅದೇ ಕಂಪನಿಯವರೋ ಇದ್ದರೆ ಅವರು ಹೊರಗುಳಿಯಲಿ ಅಂತ ದೂರಿನಲ್ಲೇ ಕೇಳಿ. ಕೇಳೋಕೆ ಸಂಕೋಚ ಬೇಡ.

ನನ್ನ ಮೇಲೇ ದೂರು ಬಂದಿದೆ. ಈಗೇನು?

ಆವತ್ತು ರಾತ್ರಿ ಏನೂ ಪೋಸ್ಟ್ ಮಾಡಬೇಡಿ. ಯಾವ ಮಾತಿನ ಮೇಲೆ ದೂರು, ಯಾವ ನಿಯಮದ ಕೆಳಗೆ ಅಂತ ಬರಹದಲ್ಲಿ ಕೇಳಿ. ಅದನ್ನು ಕೇಳುವುದು ನಿಮ್ಮ ಹಕ್ಕು. ದೂರು ಕೊಟ್ಟವರು ಯಾರಿರಬಹುದು ಅಂತ ಊಹಿಸಿ ಅವರಿಗೆ ಮೆಸೇಜ್ ಮಾಡಬೇಡಿ. ಜನ ಸೇರಿಸಬೇಡಿ, ನೀವು ಸರಿಯಿದ್ದರೂ ಆ ಜನ ಮಾಡುವ ದಾಳಿಗೆ ನೀವೇ ಹೊಣೆಯಾಗುತ್ತೀರಿ. ತಪ್ಪಾಗಿದ್ದರೆ ಎರಡು ಸಾಲಿನ ನೇರವಾದ ಕ್ಷಮೆ ಸಾಕು, "ನಿಮಗೆ ಹಾಗನ್ನಿಸಿದ್ದರೆ" ಅನ್ನೋದು ಅದರಲ್ಲಿ ಬರಬಾರದು.

ನಮ್ಮದು ಐದಾರು ಜನರ ಪ್ರಾಜೆಕ್ಟ್. ನಮಗೂ ಬೇಕಾ?

ಬೇಕು, ಆದರೆ ಕೋಡ್ ಇಡುವ ರೆಪೊದಲ್ಲಿ ಫೈಲ್ ಹಾಕಿ ಮರೆತುಬಿಡುವುದಾದರೆ ಹಾಕಲೇಬೇಡಿ. ದೂರು ಹೋಗುವ ಇಮೇಲನ್ನು ಓದುವವರು ಇಬ್ಬರಾದರೂ ಇರಲಿ, ಇಬ್ಬರೂ ಒಂದೇ ಕಂಪನಿಯವರು ಬೇಡ. ಆ ಇಬ್ಬರ ಮೇಲೇ ದೂರು ಬಂದರೆ ಎಲ್ಲಿಗೆ ಹೋಗಬೇಕು ಅಂತ ಮೂರನೆಯವರ ಹೆಸರು ಬರೆದಿಡಿ, ಹೊರಗಿನವರಾದರೆ ಇನ್ನೂ ಒಳ್ಳೆಯದು. ಎಚ್ಚರಿಕೆ, ತಾತ್ಕಾಲಿಕ ಬ್ಯಾನ್, ಪೂರ್ತಿ ಬ್ಯಾನ್ ಯಾವಾಗ ಅಂತ ಮೊದಲೇ ನಿರ್ಧರಿಸಿ, ಸಂಹಿತೆಯನ್ನು ಎಲ್ಲರ ಮುಂದೆ ಚರ್ಚೆಗಿಟ್ಟು ಒಪ್ಪಿಕೊಳ್ಳಿ. ಡೆಬಿಯನ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಪ್ರಾಜೆಕ್ಟ್ 2014ರಲ್ಲಿ ತನ್ನ ಸಂಹಿತೆಯನ್ನು ಸದಸ್ಯರ ಮತಕ್ಕೇ ಹಾಕಿತ್ತು. ಎಷ್ಟು ದೂರು ಬಂತು, ಏನು ಮಾಡಿದಿರಿ ಅಂತ ಹೆಸರಿಲ್ಲದೆ ವರ್ಷಕ್ಕೊಮ್ಮೆ ಪ್ರಕಟಿಸಿ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್‌ನವರು ಹಾಗೇ ಮಾಡುತ್ತಾರೆ, ಅವರ ವರದಿ ಒಂದನ್ನು ತೆರೆದು ಅದೇ ನಮೂನೆಯಲ್ಲಿ ನಿಮ್ಮದನ್ನೂ ಬರೆಯಬಹುದು.